ವೈರಸ್ ಅಲ್ಲ ಸ್ವಾಮೀ, ನಾವೇ ಒತ್ತಿದ "ಅಲೋ"!

ಮೊನ್ನೆ ಭಾನುವಾರ ಬೆಳಿಗ್ಗೆ ಹಾಲ್‌ನಲ್ಲಿ ಕಾಫಿ ಹೀರುತ್ತಾ ಪೇಪರ್ ತಿರುವಿಹಾಕುತ್ತಿದ್ದೆ. ಒಳಗಿನ ಕೋಣೆಯಿಂದ ಅಪ್ಪನ ಕೂಗು. "ಏನೋ, ಬೇಗ ಬಾರೋ ಇಲ್ಲಿ. ಕಂಪ್ಯೂಟರಿಗೆ ಐದು ವೈರಸ್ ಬಂದಿದೆಯಂತೆ!"

ಐದು! ಅಷ್ಟು ಕರಾರುವಾಕ್ಕಾಗಿ ಲೆಕ್ಕ ಕೊಡೋ ವೈರಸ್ ಯಾವುದಪ್ಪಾ ಅಂತ ಹೋಗಿ ನೋಡಿದೆ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಒಂದರ ಮೇಲೊಂದು ಚೌಕಗಳು ಎದ್ದು ಬರ್ತಾ ಇದ್ದವು. ಒಂದರಲ್ಲಿ ಕೆಂಪು ಗುರಾಣಿ, ಇನ್ನೊಂದರಲ್ಲಿ "ನಿಮ್ಮ ಬ್ಯಾಂಕ್ ವಿವರ ಅಪಾಯದಲ್ಲಿದೆ" ಅನ್ನೋ ಅರ್ಥದ ಇಂಗ್ಲಿಷು, ಮತ್ತೊಂದರಲ್ಲಿ ಸಹಾಯಕ್ಕೆ ಕರೆ ಮಾಡಿ ಅಂತ ಒಂದು ಫೋನ್ ನಂಬರು. ಅಪ್ಪ ಆ ನಂಬರನ್ನು ಆಗಲೇ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಬರೆದಿಟ್ಟುಕೊಂಡಿದ್ದರು. ಕನ್ನಡಕ ಸಿಕ್ಕಿದ್ದು ಐದು ನಿಮಿಷ ತಡವಾಗಿ, ಇಲ್ಲದಿದ್ದರೆ ಫೋನೂ ಮಾಡಿಬಿಡ್ತಿದ್ದರೇನೋ.

ಅಷ್ಟೇ ಆಗಿದ್ದರೆ ಸರಿ. ರೈಲಿನ ವೇಳೆ ನೋಡೋಣ ಅಂತ ವಿಳಾಸದ ಪಟ್ಟಿಯಲ್ಲಿ ಟೈಪ್ ಮಾಡಿದೆ. ಕ್ಷಣಮಾತ್ರ ಯಾವುದೋ ಕೇಳರಿಯದ ವಿಳಾಸ ಮಿಂಚಿ ಮಾಯವಾಯ್ತು, ಆಮೇಲೆ ನಾವು ಎಂದೂ ಬಳಸದ ಒಂದು ಹುಡುಕುತಾಣ ತೆರೆದುಕೊಂಡಿತು. ಮೇಲಿನ ನಾಲ್ಕೂ ಉತ್ತರಗಳು ಜಾಹೀರಾತೇ. ಹೊಸ ಟ್ಯಾಬ್ ತೆರೆದರೂ ಅದೇ ಮುಖ. ಮೊದಲ ಪುಟವೂ ಬದಲಾಗಿತ್ತು.

ಮನೆಯ ಯಜಮಾನ ಅನ್ನಿಸಿಕೊಂಡವನು ಇಂಥ ಹೊತ್ತಲ್ಲಿ ಮೊದಲು ಏನು ಮಾಡ್ತಾನೆ? ಆರೋಪಿಯನ್ನು ಹುಡುಕ್ತಾನೆ. ಮಗನನ್ನು ಕರೆದೆ. "ಗೇಮು ಗೀಮು ಅಂತ ಏನೋ ಡೌನ್‌ಲೋಡ್ ಮಾಡಿ ಹಾಳು ಮಾಡಿದೀಯ ಅಲ್ವಾ?" ಅಂದೆ. "ಅಪ್ಪಾ, ನಾನು ಗೇಮ್ ಆಡೋದು ಫೋನಲ್ಲಿ. ಆ ಡಬ್ಬಾ ಕಂಪ್ಯೂಟರಲ್ಲಿ ಯಾರು ಆಡ್ತಾರೆ?" ಅಂದ. ಎದುರುತ್ತರ ಬೇರೆ ಅಂತ ಇನ್ನೆರಡು ಬೈದೆ. ಅವನು ಮುಖ ಊದಿಸಿಕೊಂಡು ಹೋದ.

ಎರಡನೆಯ ಕೆಲಸ, ರಿಪೇರಿ ಅಂಗಡಿಯ ಹುಡುಗನಿಗೆ ಫೋನು. ಅವನು ನಾನು ಹೇಳೋದನ್ನ ಪೂರ್ತಿ ಕೇಳಲೂ ಇಲ್ಲ. "ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್. ಎಂಟುನೂರು ಆಗತ್ತೆ. ಡೇಟಾ ಏನಾದ್ರೂ ಬೇಕಿತ್ತಾ?" ಅಂದ. ಬೇಕಾದ ಫೋಟೋಗಳೆಲ್ಲ ಬೇರೆ ಕಡೆ ಇವೆ, ಏನೂ ಬೇಡ, ಹೊಡೀರಿ ಅಂತ ಹೇಳೋದಕ್ಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಅಪ್ಪ ಮೆಲ್ಲಗೆ, "ಫಾರ್ಮ್ಯಾಟ್ ಅಂದ್ರೆ ನನ್ನ ಬರಹ ಉಳಿಯತ್ತೇನೋ?" ಅಂತ ಕೇಳಿದರು.

ಯಾವ ಬರಹ? ನನಗೆ ಗೊತ್ತೇ ಇರಲಿಲ್ಲ! ನಾಲ್ಕು ವರ್ಷದಿಂದ ಅಪ್ಪ ನುಡಿಯಲ್ಲಿ ಒಂದೊಂದೇ ಅಕ್ಷರ ಕುಟ್ಟಿ ನಮ್ಮೂರಿನ ಕಥೆ ಬರೀತಾ ಇದ್ದಾರೆ. ಕೆರೆ, ಕೆರೆಗೆ ನೀರು ಬರ್ತಿದ್ದ ಕಾಲುವೆ, ಯಾವ ಹೊಲ ಯಾರಿಂದ ಯಾರ ಕೈಗೆ ಹೋಯ್ತು, ಪ್ಲೇಗಿನ ಕಾಲದಲ್ಲಿ ಊರು ಬಿಟ್ಟವರು ಯಾರು, ಎಲ್ಲ ಸೇರಿ 140 ಪುಟ. ಇಟ್ಟಿದ್ದು ಎಲ್ಲಿ? ಡೆಸ್ಕ್‌ಟಾಪ್ ಮೇಲೆ. ಅಂದರೆ ಸಿ ಡ್ರೈವಿನಲ್ಲಿ. ಫಾರ್ಮ್ಯಾಟ್ ಹೊಡೆದಿದ್ದರೆ ಎಂಟುನೂರು ರೂಪಾಯಿ ಕೊಟ್ಟು ನಾನೇ ಅದನ್ನು ಅಳಿಸಿಹಾಕಿಸಿದಂತೆ ಆಗ್ತಿತ್ತು.

ಅಂಗಡಿಯವನಿಗೆ ಆಮೇಲೆ ಹೇಳ್ತೀನಿ ಅಂತ ಫೋನಿಟ್ಟೆ. ಅವತ್ತು ಮತ್ತು ಆ ವಾರದ ಸಂಜೆಗಳಲ್ಲಿ ನಾನು ಕಲಿತದ್ದು, ಅದರಿಂದ ನನಗೆ ಮೂಡಿದ ಅಭಿಪ್ರಾಯ, ಎರಡನ್ನೂ ಇಲ್ಲಿ ಬರೀತಾ ಇದೀನಿ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೀನಿ. ಬ್ರೌಸರ್ ಅಪಹರಣ ಅಂತ ನಾವು ಕರೆಯೋದು ಬಹುಪಾಲು ಸಲ ಬೀಗ ಒಡೆದು ಮಾಡಿದ ಕಳ್ಳತನ ಅಲ್ಲ. ಬಾಗಿಲು ತಟ್ಟಿ, ಅರ್ಥವಾಗದ ಭಾಷೆಯಲ್ಲಿ ಏನೋ ಕೇಳಿ, "ಹೂಂ" ಅನ್ನಿಸಿಕೊಂಡು ಒಳಗೆ ಬಂದವರ ಕೆಲಸ. ಹಾಗಾಗಿ ಅದಕ್ಕೆ ಮೊದಲ ಮದ್ದು ಫಾರ್ಮ್ಯಾಟ್ ಅಲ್ಲ, ಮನೆಯವರನ್ನು ಬೈಯೋದಂತೂ ಅಲ್ಲವೇ ಅಲ್ಲ.

ಇದೇನು ಹೊಸ ಪೀಡೆಯಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರಿನ ಕಾಲ ನೆನಪಿರುವವರಿಗೆ ಟೂಲ್‌ಬಾರುಗಳ ಮೆರವಣಿಗೆಯೂ ನೆನಪಿರುತ್ತೆ. ಪರದೆಯ ಅರ್ಧ ಭಾಗ ಟೂಲ್‌ಬಾರು, ಉಳಿದ ಅರ್ಧದಲ್ಲಿ ಪುಟ! 1997ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಲ್ಲಿ "ಬ್ರೌಸರ್ ಹೆಲ್ಪರ್ ಆಬ್ಜೆಕ್ಟ್" ಅನ್ನೋ ಸೌಲಭ್ಯ ಕೊಟ್ಟರು. ಬೇರೆಯವರು ಬರೆದ ತುಣುಕು ತಂತ್ರಾಂಶ ಬ್ರೌಸರಿನ ಒಳಗೇ ಕೂತು ಕೆಲಸ ಮಾಡಬಹುದಾದ ಬಾಗಿಲು ಅದು. ಹೆಸರಿಗೆ ಸಹಾಯಕ, ಆದರೆ ಆ ಬಾಗಿಲಿನಿಂದ ಒಳಬಂದವರೆಲ್ಲ ಸಹಾಯಕರಲ್ಲ. 2003ರ ಸುಮಾರಿಗೆ ಕೂಲ್‌ವೆಬ್‌ಸರ್ಚ್ ಅನ್ನೋ ಹೆಸರಿನ ಒಂದು ಇಡೀ ವಂಶವೇ ಹಬ್ಬಿತು. ಹೋಮ್ ಪೇಜ್ ಬದಲಿಸುವುದು, ಹುಡುಕಾಟವನ್ನು ತಿರುಗಿಸುವುದು, ಅಶ್ಲೀಲ ತಾಣಗಳ ಕೊಂಡಿಗಳನ್ನು ತಂದು ಸೇರಿಸುವುದು, ಎಲ್ಲ ಅದರದ್ದೇ. ಅದನ್ನು ಕೀಳೋದಕ್ಕೆ ಮೆರೈನ್ ಬೆಲೆಕಾಮ್ ಅನ್ನೋ ಡಚ್ ವಿದ್ಯಾರ್ಥಿ ಸಿಡಬ್ಲ್ಯುಶ್ರೆಡ್ಡರ್ ಅಂತ ಒಂದು ಸಾಧನ ಬರೆದ. ಅವನೇ ಬರೆದ ಇನ್ನೊಂದು ಸಾಧನ ಹೈಜಾಕ್‌ದಿಸ್. ಬ್ರೌಸರಿನ ಯಾವ ಯಾವ ಮೂಲೆಯಲ್ಲಿ ಏನೇನು ಕೂತಿದೆ ಅನ್ನೋ ಪಟ್ಟಿ ಕೊಡೋದಷ್ಟೇ ಅದರ ಮುಖ್ಯ ಕೆಲಸ. ಯಾವುದು ಒಳ್ಳೆಯದು ಯಾವುದು ಕೆಟ್ಟದ್ದು ಅಂತ ಅದು ಹೇಳ್ತಿರಲಿಲ್ಲ. 2007ರಲ್ಲಿ ಅದನ್ನು ಟ್ರೆಂಡ್ ಮೈಕ್ರೋ ಕೊಂಡುಕೊಂಡಿತು.

ಆಗಿನಿಂದ ಈಗಿನವರೆಗೆ ವೇಷ ಬದಲಾಗಿದೆ, ವ್ಯಾಪಾರ ಅದೇ. ವ್ಯಾಪಾರ ಹೇಗೆ ಅಂತೀರಾ? ಹುಡುಕಾಟದ ಪುಟದಲ್ಲಿ ಜಾಹೀರಾತು ಒತ್ತಿದರೆ ದುಡ್ಡು. ಆ ಪುಟಕ್ಕೆ ನಿಮ್ಮನ್ನು ಕರೆದುಕೊಂಡು ಹೋದವನಿಗೆ ಅದರಲ್ಲಿ ಪಾಲು. ಆದ್ದರಿಂದ ನಿಮ್ಮ ಪ್ರತಿಯೊಂದು ಹುಡುಕಾಟವೂ ತನ್ನ ಅಂಗಳ ಹಾದು ಹೋಗಬೇಕು ಅನ್ನೋದು ಅಪಹರಣಕಾರನ ಆಸೆ. ಊರಿಗೆ ಹೋಗೋ ದಾರಿಯನ್ನೇ ತನ್ನ ಅಂಗಡಿಯ ಮುಂದೆ ತಿರುಗಿಸಿಕೊಂಡ ಹಾಗೆ. ಇನ್ನು ಪುಕ್ಕಟೆ ತಂತ್ರಾಂಶ ಹಂಚುವವರಿಗೆ, ಜೊತೆಗೆ ಇನ್ನೊಂದನ್ನು ತೂರಿಸಿದರೆ ಒಂದೊಂದು ಕಂಪ್ಯೂಟರಿಗೆ ಇಷ್ಟು ಅಂತ ಕಮಿಶನ್.

ಇದನ್ನು ಸಂದಿಗೊಂದಿಯವರಷ್ಟೇ ಮಾಡಿದ್ದು ಅಂದುಕೊಳ್ಳಬೇಡಿ. ಜಾವಾ ಹಾಕಿಕೊಳ್ಳುವಾಗ ಟಿಕ್ ತೆಗೆಯೋದು ಮರೆತರೆ ಆಸ್ಕ್ ಟೂಲ್‌ಬಾರ್ ಕೂಡ ಬಂದು ಕೂರ್ತಿದ್ದ ಕಾಲ ಇತ್ತು. ಅದರ ಹಳೆಯ ಆವೃತ್ತಿಗಳನ್ನು 2015ರಲ್ಲಿ ಮೈಕ್ರೋಸಾಫ್ಟ್ ಅನಪೇಕ್ಷಿತ ತಂತ್ರಾಂಶ ಅಂತ ಪಟ್ಟಿಗೆ ಸೇರಿಸಿತು. ಅದೇ 2015ರ ಫೆಬ್ರವರಿಯಲ್ಲಿ ಲೆನೋವೋ ತನ್ನ ಕೆಲವು ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಅನ್ನೋ ಜಾಹೀರಾತು ತಂತ್ರಾಂಶವನ್ನು ಮೊದಲೇ ತುಂಬಿ ಮಾರಿದ್ದು ದೊಡ್ಡ ಸುದ್ದಿಯಾಯ್ತು. ಅದು ಸುರಕ್ಷಿತ ಸಂಪರ್ಕದ ನಡುವೆಯೂ ಕೈಹಾಕುವಂತಿತ್ತು. ಅಂದರೆ ಡಬ್ಬಿ ತೆರೆಯೋ ಮೊದಲೇ ಅಪಹರಣ! ಇಂಥವರೇ ಹೀಗೆ ಮಾಡಿರುವಾಗ ನಮ್ಮಪ್ಪ ಒಂದು ಗುಂಡಿ ತಪ್ಪಾಗಿ ಒತ್ತಿದ್ದಕ್ಕೆ ಬೈಯೋದರಲ್ಲಿ ಏನು ಅರ್ಥ ಹೇಳಿ.

ಸರಿ, ನಮ್ಮ ಮನೆಯ ಕಥೆಗೆ ಬರೋಣ. ಮೊದಲು ಅಪ್ಪನ ಬರಹವನ್ನು ಪೆನ್ ಡ್ರೈವಿಗೆ ಹಾಕಿಕೊಂಡೆ. ಬರೀ ಕಡತ ಸಾಕಾಗಲ್ಲ, ಹಳೇ ನುಡಿಯ ಅಕ್ಷರಗಳಿಗೆ ಅದರದ್ದೇ ಫಾಂಟ್ ಬೇಕು, ಇಲ್ಲದಿದ್ದರೆ ತೆರೆದಾಗ ಚಿತ್ರವಿಚಿತ್ರ ಚಿಹ್ನೆಗಳು. ಹಾಗಾಗಿ ಫಾಂಟನ್ನೂ ಜೊತೆಗೆ ಇಟ್ಟುಕೊಂಡೆ. ಆಮೇಲೆ ಶಾಂತವಾಗಿ ಯೋಚಿಸಿದೆ. ಡಾಕ್ಟರು ಎಲ್ಲಿ ನೋವು ಅಂತ ಕೇಳದೆ ಹೊಟ್ಟೆ ಕುಯ್ಯಲ್ಲ ಅಲ್ವೇ? ಕಾಯಿಲೆ ಎಲ್ಲಿದೆ ಅಂತ ಮೊದಲು ಗೊತ್ತಾಗಬೇಕು.

ಅದಕ್ಕೊಂದು ಸುಲಭದ ದಾರಿ ಇದೆ. ಮೂರೇ ಪ್ರಶ್ನೆ. ಒಂದು, ಅದೇ ವೈಫೈನಲ್ಲಿರುವ ಫೋನಿನಲ್ಲಿ ಹುಡುಕಿದರೂ ಹೀಗೇ ಆಗತ್ತಾ? ಆದರೆ ತಪ್ಪು ಕಂಪ್ಯೂಟರಿನದ್ದಲ್ಲದೆ ಇರಬಹುದು, ರೌಟರನ್ನು ಅನುಮಾನಿಸಬೇಕು. ಎರಡು, ಅದೇ ಕಂಪ್ಯೂಟರಿನ ಬೇರೆ ಬ್ರೌಸರಿನಲ್ಲೂ ಹೀಗೇ ಆಗತ್ತಾ? ಆದರೆ ಕಂಪ್ಯೂಟರಿನಲ್ಲೇ ಏನೋ ಕೂತಿದೆ. ಪ್ರಾಕ್ಸಿ ಸೆಟ್ಟಿಂಗನ್ನೋ, ಹೋಸ್ಟ್ಸ್ ಅನ್ನೋ ಕಡತವನ್ನೋ ಯಾರೋ ತಿದ್ದಿರಬಹುದು. ಮೂರು, ಒಂದೇ ಬ್ರೌಸರಿನಲ್ಲಿ ಮಾತ್ರ ಆಗತ್ತಾ? ಹಾಗಿದ್ದರೆ ಆ ಬ್ರೌಸರಿನ ಸೆಟ್ಟಿಂಗು ಅಥವಾ ಅದಕ್ಕೆ ಸೇರಿಸಿಕೊಂಡ ಎಕ್ಸ್‌ಟೆನ್ಶನ್.

ಮೊದಲ ಪ್ರಶ್ನೆಯನ್ನು ಹಗುರವಾಗಿ ತಗೋಬೇಡಿ. ಡಿಎನ್ಎಸ್ ಅಂದರೆ ಅಂತರಜಾಲದ ಟೆಲಿಫೋನ್ ಡೈರೆಕ್ಟರಿ ಇದ್ದ ಹಾಗೆ. ಹೆಸರು ಕೊಟ್ಟರೆ ನಂಬರು ಕೊಡತ್ತೆ. ಡೈರೆಕ್ಟರಿಯನ್ನೇ ಬದಲಿಸಿಬಿಟ್ಟರೆ ಸರಿಯಾದ ಹೆಸರು ಬರೆದರೂ ತಪ್ಪು ಮನೆಗೇ ಹೋಗ್ತೀರಿ. ಡಿಎನ್ಎಸ್‌ಚೇಂಜರ್ ಅನ್ನೋದು ಹೀಗೇ ಲಕ್ಷಾಂತರ ಕಂಪ್ಯೂಟರುಗಳ ಡೈರೆಕ್ಟರಿಯನ್ನು ಬದಲಿಸಿತ್ತು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಪ್ರಕಟಿಸಿದ ಕಾರ್ಯಾಚರಣೆಯಲ್ಲಿ ಎಸ್ಟೋನಿಯಾದ ಆರು ಜನ ಸಿಕ್ಕಿಬಿದ್ದರು. ಕಳ್ಳರ ಡೈರೆಕ್ಟರಿಯನ್ನು ಒಮ್ಮೆಲೇ ಮುಚ್ಚಿದರೆ ಅಷ್ಟೂ ಜನರ ಇಂಟರ್ನೆಟ್ ನಿಂತುಹೋಗುತ್ತೆ ಅಂತ, ಬದಲಿ ಸರ್ವರುಗಳನ್ನು ನಡೆಸಿ, ಕೊನೆಗೆ 2012ರ ಜುಲೈ 9ರಂದು ಮುಚ್ಚಿದರು. ರೌಟರ್ ಕೊಂಡಾಗ ಬಂದ ಪಾಸ್‌ವರ್ಡನ್ನು ಇನ್ನೂ ಬದಲಿಸದವರು ಇವತ್ತೇ ಬದಲಿಸಿ ಅಂತ ನಾನು ಹೇಳೋದು ಅದಕ್ಕೇ.

ಫೋನಿನಲ್ಲಿ ನೋಡೋಣ ಅಂದರೆ ನನ್ನ ಫೋನು ಚಾರ್ಜಿಗೆ ಹಾಕಿತ್ತು. ಮುಖ ಊದಿಸಿಕೊಂಡಿದ್ದ ಮಗನೇ ಬಂದು ಅವನ ಫೋನಿನಲ್ಲಿ ಹುಡುಕಿ ತೋರಿಸಿದ. ಸರಿಯಾಗಿತ್ತು. ಕಂಪ್ಯೂಟರಿನಲ್ಲೇ ಇದ್ದ ಎಡ್ಜ್ ತೆರೆದೆವು. ಅದೂ ಸರಿ. ಅಂದರೆ ಕಾಯಿಲೆ ಇದ್ದದ್ದು ಕ್ರೋಮ್ ಒಂದರಲ್ಲೇ.

ಮೊದಲು ಆ ಐದು ವೈರಸ್ಸುಗಳ ವಿಚಾರಣೆ. ಕ್ರೋಮಿನ ಸೆಟ್ಟಿಂಗ್ಸಿನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಯಾವ ಯಾವ ತಾಣಕ್ಕೆ ಸೂಚನೆ ಕಳಿಸೋ ಅನುಮತಿ ಇದೆ ಅನ್ನೋ ಪಟ್ಟಿ ಅಲ್ಲಿದೆ. ನಮ್ಮಲ್ಲಿ ಹನ್ನೊಂದು ಹೆಸರುಗಳಿದ್ದವು. ಒಂದೂ ಪರಿಚಯದ್ದಲ್ಲ. ಹನ್ನೊಂದನ್ನೂ ತೆಗೆದೆ. ಅಷ್ಟೇ, ವೈರಸ್ಸುಗಳು ಮಾಯ! ಅವು ವೈರಸ್ಸೇ ಆಗಿರಲಿಲ್ಲ. ಜಾಹೀರಾತು, ಅಷ್ಟೇ. ತಾಣ ಮುಚ್ಚಿದ ಮೇಲೂ ಮೂಲೆಯಲ್ಲಿ ಸೂಚನೆ ತೋರಿಸೋ ಈ ಸೌಲಭ್ಯ ಕ್ರೋಮಿಗೆ ಬಂದದ್ದು 2015ರಲ್ಲಿ. ಅದು ವಿಂಡೋಸಿನ ಸೂಚನೆಯ ಜಾಗದಲ್ಲೇ ಏಳೋದರಿಂದ ಕಂಪ್ಯೂಟರೇ ಹೇಳ್ತಾ ಇದೆ ಅನ್ನಿಸತ್ತೆ. ಈ ಕಾಟ ಮಿತಿಮೀರಿದ ಮೇಲೆ 2020ರಲ್ಲಿ ಫೈರ್‌ಫಾಕ್ಸೂ ಕ್ರೋಮೂ ಅನುಮತಿ ಕೇಳುವ ಪೆಟ್ಟಿಗೆಯ ಬಾಯಿಗೆ ಸ್ವಲ್ಪ ಬೀಗ ಹಾಕಿದವು. ಪೂರ್ತಿ ನಿಂತಿಲ್ಲ.

ಅನುಮತಿ ಕೊಟ್ಟವರು ಯಾರು? ಅಪ್ಪನನ್ನೇ ಕೇಳಿದೆ. ಹಳೇ ಪುಸ್ತಕದ ಪಿಡಿಎಫ್ ಹುಡುಕ್ತಾ ಒಂದು ತಾಣಕ್ಕೆ ಹೋಗಿದ್ದರಂತೆ. "ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ" ಅಂತ ಬಂದಿತ್ತಂತೆ. "ನಾನು ರೋಬೋಟ್ ಅಲ್ವಲ್ಲ, ಒತ್ತಿದೆ" ಅಂದರು ಅಪ್ಪ. ಏನು ಹೇಳಲಿ! ಬ್ಯಾಂಕು, ರೈಲು, ಸರ್ಕಾರಿ ಕಚೇರಿ, ಎಲ್ಲರೂ ನೀವು ರೋಬೋಟ್ ಅಲ್ಲ ಅಂತ ಸಾಬೀತು ಮಾಡಿ ಅಂತ ದಿನಾ ಕೇಳ್ತಾರೆ. ಹತ್ತು ಕಡೆ ಸರಿಯಾಗಿದ್ದದ್ದು ಹನ್ನೊಂದನೆಯ ಕಡೆ ಮೋಸ ಅಂತ ಎಪ್ಪತ್ತೆರಡರ ಮುದುಕರಿಗೆ ಹೇಗೆ ಗೊತ್ತಾಗಬೇಕು?

ಇನ್ನು ಹುಡುಕಾಟದ ತಿರುವು. ಸೆಟ್ಟಿಂಗ್ಸಿನ ಸರ್ಚ್ ಇಂಜಿನ್ ಭಾಗದಲ್ಲಿ, ಇಂಥ ಎಕ್ಸ್‌ಟೆನ್ಶನ್ ಇದನ್ನು ನಿಯಂತ್ರಿಸ್ತಾ ಇದೆ ಅಂತ ಬ್ರೌಸರೇ ಬರೆದು ತೋರಿಸಿತು. ಅದರ ಹೆಸರಿನಲ್ಲಿ ಪಿಡಿಎಫ್ ಅನ್ನೋ ಪದ ಇತ್ತು. ಕಿತ್ತುಹಾಕಿದೆ. ಹುಡುಕಾಟ ಸರಿಹೋಯ್ತು. ಮೀಸೆ ತಿರುವಿಕೊಂಡು ಊಟಕ್ಕೆ ಎದ್ದೆ.

ಬುಧವಾರ ಸಂಜೆ ನೋಡಿದರೆ ಅದೇ ತಾಣ, ಅದೇ ಜಾಹೀರಾತು! ಈ ಸಲ ಎಕ್ಸ್‌ಟೆನ್ಶನ್ ಪುಟದಲ್ಲಿ ಅದನ್ನು ತೆಗೆಯೋ ಗುಂಡಿಯೇ ಕೆಲಸ ಮಾಡ್ತಿಲ್ಲ. ಮೆನುವಿನ ಕೆಳಗಡೆ "ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ" ಅನ್ನೋ ಅರ್ಥದ ಒಂದು ಸಾಲು. ನಮ್ಮ ಮನೆಗೆ ಯಾವ ಸಂಸ್ಥೆ ಸ್ವಾಮೀ? ಸಂಸ್ಥೆ ಅಂದರೆ ನನ್ನ ಹೆಂಡತಿಯೇ ಇರಬೇಕು ಅಂದುಕೊಂಡೆ :-)

ತಮಾಷೆ ಬಿಟ್ಟು ಹೇಳಬೇಕೆಂದರೆ, ಇದು ದೊಡ್ಡ ಕಚೇರಿಗಳಿಗಾಗಿ ಮಾಡಿದ ಸೌಲಭ್ಯ. ಕಂಪನಿಯವರು ತಮ್ಮ ಸಾವಿರ ಕಂಪ್ಯೂಟರುಗಳ ಬ್ರೌಸರಿನಲ್ಲಿ ಏನಿರಬೇಕು ಅಂತ ಒಂದೇ ಕಡೆಯಿಂದ ಕಟ್ಟಳೆ ಹಾಕಬಹುದು. ಆ ಕಟ್ಟಳೆ ವಿಂಡೋಸಿನ ರಿಜಿಸ್ಟ್ರಿಯಲ್ಲಿ ಕೂತಿರುತ್ತೆ. ಅಪಹರಣಕಾರನೂ ಅಲ್ಲೇ ಒಂದು ಸಾಲು ಬರೆದುಬಿಟ್ಟರೆ ಬ್ರೌಸರು ಅವನನ್ನೇ ಯಜಮಾನ ಅಂದುಕೊಳ್ಳುತ್ತೆ. (ಕೆಲವು ಆಂಟಿವೈರಸ್‌ಗಳು ಹಾಕಿದ ಕಟ್ಟಳೆಯಿಂದಲೂ ಆ ಸಾಲು ಕಾಣಬಹುದು, ಕಂಡ ಕೂಡಲೇ ಗಾಬರಿ ಬೇಡ.) ಕ್ರೋಮಿನ ಪಾಲಿಸಿ ಪುಟ ತೆರೆದರೆ ಯಾವ ಕಟ್ಟಳೆ ಇದೆ ಅಂತ ಕಾಣತ್ತೆ. ನಮ್ಮಲ್ಲಿ ಒಂದೇ ಒಂದಿತ್ತು, ಈ ಎಕ್ಸ್‌ಟೆನ್ಶನ್ನನ್ನು ಬಲವಂತವಾಗಿ ಹಾಕು ಅನ್ನೋದು.

ಅದನ್ನು ಬರೆದವನು ಯಾರು? ಬ್ರೌಸರಿನ ಹೊರಗೆ ಎಲ್ಲೋ ಒಬ್ಬ ಇದ್ದಾನೆ ಅಂತಾಯ್ತು. ವಿಂಡೋಸಿನಲ್ಲಿ ಹಾಕಿದ ಪ್ರೋಗ್ರಾಮುಗಳ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿದೆ. ಒಂದೇ ದಿನ ಎರಡು ಬಂದು ಕೂತಿದ್ದವು. ಒಂದು ಪುಕ್ಕಟೆ ಪಿಡಿಎಫ್ ಜೋಡಿಸೋ ತಂತ್ರಾಂಶ, ಇನ್ನೊಂದು ಹೆಸರೇ ಅರ್ಥವಾಗದ್ದು. ಡೌನ್‌ಲೋಡ್ ಪಟ್ಟಿಯಲ್ಲೂ ಅದೇ ದಿನಾಂಕ. ಹದಿನೈದು ದಿನದ ಹಿಂದಿನ ಭಾನುವಾರ.

ಆ ಭಾನುವಾರ ಕಂಪ್ಯೂಟರಿನ ಮುಂದೆ ಕೂತಿದ್ದವನು ಯಾರು ಗೊತ್ತೇ? ನಾನೇ. ಮನೆ ಕಂದಾಯದ ರಸೀತಿಗಳನ್ನೆಲ್ಲ ಒಂದೇ ಪಿಡಿಎಫ್ ಮಾಡಬೇಕಿತ್ತು. ಹುಡುಕಿದಾಗ ಮೊದಲು ಕಂಡದ್ದನ್ನು ಇಳಿಸಿಕೊಂಡು ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್, ಫಿನಿಶ್ ಅಂತ ಒತ್ತಿದ್ದೆ. ನಡುವೆ ಎಲ್ಲೋ ಒಂದು ಕಡೆ "ಶಿಫಾರಸು ಮಾಡಲಾಗಿದೆ" ಅನ್ನೋ ಗುಂಡಿ ಮೊದಲೇ ಆಯ್ಕೆಯಾಗಿತ್ತು. ಅದರ ಕೆಳಗಿದ್ದ ಸಣ್ಣ ಅಕ್ಷರವನ್ನು ಓದಿರಲಿಲ್ಲ. ಇಂಗ್ಲಿಷ್ ಬಾರದ್ದರಿಂದಲ್ಲ. ಅವಸರದಿಂದ.

ಮಗ ಹಿಂದೆಯೇ ನಿಂತಿದ್ದ. ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಎರಡೂ ಪ್ರೋಗ್ರಾಮನ್ನು ಅನ್‌ಇನ್‌ಸ್ಟಾಲ್ ಮಾಡಿದೆ. ಟಾಸ್ಕ್ ಶೆಡ್ಯೂಲರಿನಲ್ಲಿ ಅದೇ ದಿನ ಸೇರಿದ್ದ ಒಂದು ಕೆಲಸ ಇತ್ತು. ನಾನು ಎಕ್ಸ್‌ಟೆನ್ಶನ್ ಕಿತ್ತ ಮೇಲೂ ಅದನ್ನು ಮರಳಿ ತರ್ತಾ ಇದ್ದದ್ದು ಅದೇ. ಅಳಿಸಿದೆ. ರಿಜಿಸ್ಟ್ರಿಯ ಪ್ರತಿ ಇಟ್ಟುಕೊಂಡು ಆ ಕಟ್ಟಳೆಯ ಸಾಲನ್ನು ತೆಗೆದೆ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಹಾಕಿದೆ. ಅನಪೇಕ್ಷಿತ ತಂತ್ರಾಂಶಗಳನ್ನು ತಡೆಯೋ ಒಂದು ಆಯ್ಕೆ ಅದರಲ್ಲಿದೆ, ಅದನ್ನೂ ಹಚ್ಚಿದೆ. ಕೊನೆಗೆ ಬ್ರೌಸರನ್ನು ರೀಸೆಟ್ ಮಾಡಿದೆ. ರೀಸೆಟ್ ಅಂದರೆ ಭಯ ಬೇಡ. ಬುಕ್‌ಮಾರ್ಕು, ಉಳಿಸಿದ ಪಾಸ್‌ವರ್ಡು ಹೋಗಲ್ಲ. ಎಕ್ಸ್‌ಟೆನ್ಶನ್ನುಗಳು ಮಲಗ್ತವೆ, ಮೊದಲ ಪುಟ ಮತ್ತು ಹುಡುಕುತಾಣ ಮೊದಲಿನ ಸ್ಥಿತಿಗೆ ಬರ್ತವೆ, ತಾಣಗಳಿಗೆ ಮತ್ತೆ ಲಾಗಿನ್ ಆಗಬೇಕಾಗತ್ತೆ, ಅಷ್ಟೆ. ಖರ್ಚು ಸೊನ್ನೆ. ಅಪ್ಪನ ಬರಹ ಅಪ್ಪನ ಡೆಸ್ಕ್‌ಟಾಪಿನ ಮೇಲೇ ಇದೆ.

ಹಾಗಾದರೆ ಫಾರ್ಮ್ಯಾಟ್ ಯಾವತ್ತೂ ಬೇಡವೇ? ಹಾಗಲ್ಲ. ರಿಪೇರಿ ಹುಡುಗನ ಕಷ್ಟವೂ ನನಗೆ ಅರ್ಥವಾಗತ್ತೆ. ಒಂದು ಕಂಪ್ಯೂಟರಿನ ಮುಂದೆ ಮೂರು ಸಂಜೆ ಕೂತರೆ ಅವನ ಹೊಟ್ಟೆ ತುಂಬಲ್ಲ. ಫಾರ್ಮ್ಯಾಟ್ ಆದರೆ ಒಂದೆರಡು ಗಂಟೆಯ ಕೆಲಸ, ಗ್ಯಾರಂಟಿಯೂ ಕೊಡಬಹುದು. ಕೆಲವು ಸಲ ಅದೇ ಸರಿಯಾದ ದಾರಿ. ಯಾರೋ ಅಪರಿಚಿತರು ಫೋನಿನಲ್ಲಿ ಮಾತಾಡಿ ನಿಮ್ಮ ಕಂಪ್ಯೂಟರನ್ನು ದೂರದಿಂದ ನಿಯಂತ್ರಿಸಿದ್ದರೆ ಫಾರ್ಮ್ಯಾಟೇ ವಾಸಿ. 2024ರಿಂದ ಇನ್ನೊಂದು ಮೋಸ ಹೆಚ್ಚಾಗಿದೆ. ನೀವು ರೋಬೋಟ್ ಅಲ್ಲ ಅಂತ ತೋರಿಸಲು ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ಆಮೇಲೆ ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಹೊಡೆಯಿರಿ ಅನ್ನೋದು. ಹಾಗೆ ಮಾಡಿದರೆ ಕಳ್ಳನ ಆದೇಶವನ್ನು ನಿಮ್ಮ ಕೈಯಿಂದಲೇ ಓಡಿಸಿದ ಹಾಗೆ. ಅದು ಬ್ರೌಸರ್ ಅಪಹರಣದ ಹಾಗೆ ಬರೀ ಪೀಡೆಯಲ್ಲ, ಪಾಸ್‌ವರ್ಡುಗಳನ್ನೇ ಬಾಚಿಕೊಂಡು ಹೋಗಬಹುದು. ಆಗ ಇಂಟರ್ನೆಟ್ ತೆಗೆದು, ಬೇರೆ ಉಪಕರಣದಿಂದ ಪಾಸ್‌ವರ್ಡ್ ಬದಲಿಸಿ, ಕಂಪ್ಯೂಟರನ್ನು ಹೊಸದಾಗಿ ಮಾಡಿಸಬೇಕು. ನನ್ನ ತಕರಾರು ಇಷ್ಟೇ. ಏನಾಗಿದೆ ಅಂತ ನೋಡದೆ, ಒಳಗೆ ಏನಿದೆ ಅಂತ ಮನೆಯವರನ್ನೆಲ್ಲ ಕೇಳದೆ ಫಾರ್ಮ್ಯಾಟ್ ಬೇಡ.

ಇನ್ನು ಆ ಫೋನ್ ನಂಬರು. ತನ್ನ ಎಚ್ಚರಿಕೆಯ ಸಂದೇಶಗಳಲ್ಲಿ ಯಾವತ್ತೂ ಫೋನ್ ನಂಬರ್ ಇರಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಇಂಥ ನಂಬರುಗಳ ಆ ಬದಿಯಲ್ಲಿ ಕೂತವರಲ್ಲಿ ನಮ್ಮ ದೇಶದವರೂ ಇದ್ದಾರೆ ಅನ್ನೋದು ನಾಚಿಕೆಯ ಮಾತು. 2023ರ ಅಕ್ಟೋಬರಿನಲ್ಲಿ ಸಿಬಿಐ ನಡೆಸಿದ ಆಪರೇಶನ್ ಚಕ್ರ-2ರಲ್ಲಿ, ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರಿನ ಮೇಲೆ ಇಂಥ ನಕಲಿ ಸಹಾಯವಾಣಿಗಳ ಮೇಲೂ ದಾಳಿ ಆಗಿತ್ತು. ಅಕಸ್ಮಾತ್ ದುಡ್ಡು ಕೊಟ್ಟು ಮೋಸ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ನಾಚಿಕೆ ಪಟ್ಟುಕೊಂಡು ಕೂತರೆ ದುಡ್ಡು ವಾಪಸ್ ಬರೋ ಅವಕಾಶ ಗಂಟೆಗಂಟೆಗೂ ಕಮ್ಮಿಯಾಗತ್ತೆ.

ಕೊನೆಯದಾಗಿ, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ವಿಷಯ ಭಾಷೆಯದ್ದು. ಅಪ್ಪ ರೆವಿನ್ಯೂ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಕೆಲಸ ಮಾಡಿದವರು. ಒಂದು ಪಹಣಿಯಲ್ಲಿ ಅಲ್ಪವಿರಾಮ ತಪ್ಪಿದ್ದರೂ ಹಿಡೀತಿದ್ದರು. ಓದದೆ ಸಹಿ ಹಾಕಿದವರಲ್ಲ. ಅಂಥವರು ಕಂಪ್ಯೂಟರಿನ ಮುಂದೆ ಮಾತ್ರ ಓದದೆ ಒತ್ತುತ್ತಾರೆ. ಯಾಕೆ? ಪೆಟ್ಟಿಗೆ ಅವರ ಭಾಷೆಯಲ್ಲಿ ಮಾತಾಡಲ್ಲ. ಅರ್ಥವಾಗದ ಪ್ರಶ್ನೆಗೆ ಒತ್ತಿದ "ಅಲೋ" ಒಪ್ಪಿಗೆ ಹೇಗಾಗತ್ತೆ?

ಬ್ರೌಸರನ್ನು ಕನ್ನಡಕ್ಕೆ ಬದಲಿಸಬಹುದಲ್ಲ ಅಂತೀರಿ. ಬದಲಿಸಬಹುದು, ಕ್ರೋಮೂ ಫೈರ್‌ಫಾಕ್ಸೂ ಕನ್ನಡದಲ್ಲಿ ಸಿಗ್ತವೆ. ಆದರೆ ಬರೀ ಅನುವಾದದಿಂದಲೂ ಕೆಲಸ ಆಗಲ್ಲ. ನೋಟಿಫಿಕೇಶನ್ ಅನ್ನೋದಕ್ಕೆ ಫೋನು, ಕಂಪ್ಯೂಟರುಗಳಲ್ಲಿ ಬಹಳ ಕಡೆ "ಅಧಿಸೂಚನೆ" ಅಂತ ಹಾಕಿದ್ದಾರೆ. ಅಪ್ಪನಿಗೆ ಅಧಿಸೂಚನೆ ಅಂದರೆ ಸರ್ಕಾರ ರಾಜ್ಯಪತ್ರದಲ್ಲಿ ಹೊರಡಿಸೋದು! "ಈ ತಾಣವು ಅಧಿಸೂಚನೆ ತೋರಿಸಲು ಬಯಸುತ್ತದೆ" ಅಂದರೆ ಅವರು ಎದ್ದು ನಿಂತು ಅನುಮತಿ ಕೊಡೋರೇ :-) ಅದರ ಬದಲು, "ಈ ತಾಣ ಮುಚ್ಚಿದ ಮೇಲೂ ಇವರು ನಿಮಗೆ ಜಾಹೀರಾತು, ಸಂದೇಶ ಕಳಿಸಬಹುದು. ಕಳಿಸಲೇ, ಬೇಡವೇ?" ಅಂತ ಬರೆದಿದ್ದರೆ ನಮ್ಮಪ್ಪ ಖಂಡಿತ "ಬೇಡ" ಅಂತಿದ್ದರು. ಪದಕ್ಕೆ ಪದ ಇಡೋದು ಅನುವಾದ. ಆಗೋದೇನು ಅಂತ ಹೇಳೋದು ಕನ್ನಡ. ತಂತ್ರಾಂಶದ ಅನುವಾದಕ್ಕೆ ಕೂರುವ ನಮ್ಮ ಗೆಳೆಯರು ಇದನ್ನು ಗಮನಿಸಬೇಕು ಅನ್ನೋದು ನನ್ನ ಬಿನ್ನಹ. ಕನ್ನಡಿಗರು ಗುಂಡಿ ಒತ್ತೋ ಮೊದಲು ಓದಬೇಕು ಅನ್ನೋ ಹಕ್ಕು ನಮಗೆ ಬರೋದು, ಓದಿದರೆ ತಿಳಿಯೋ ಹಾಗೆ ಬರೆದಿಟ್ಟ ಮೇಲೆ.

ಅಲ್ಲಿಯವರೆಗೆ ನಾವೇ ಏನಾದರೂ ಮಾಡಿಕೊಳ್ಳಬೇಕಲ್ಲ. ಅಪ್ಪ ಆ ನಂಬರು ಬರೆದಿದ್ದ ಕ್ಯಾಲೆಂಡರ್ ಹಾಳೆಯನ್ನೇ ತಗೊಂಡು ನಂಬರಿನ ಮೇಲೆ ಗೀಟು ಎಳೆದು, ಕೆಳಗೆ ದಪ್ಪಕ್ಷರದಲ್ಲಿ ಮೂರು ಸಾಲು ಬರೆದು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿದೀನಿ. "ಅಲೋ ಅಂದರೆ ಒಳಗೆ ಬಾ ಅಂತ ಅರ್ಥ. ಗೊತ್ತಿಲ್ಲದವರಿಗೆ ಬ್ಲಾಕ್. ಹೆದರಿಸುವ ಪರದೆಯಲ್ಲಿ ಇರೋ ನಂಬರಿಗೆ ಫೋನ್ ಬೇಡ." ಅಪ್ಪ ಅದರ ಕೆಳಗೆ ತಮ್ಮ ಕೈಯಿಂದ ನಾಲ್ಕನೆಯ ಸಾಲು ಸೇರಿಸಿದ್ದಾರೆ. "ಪಿಡಿಎಫ್ ಜೋಡಿಸುವವರಿಗೂ ಇದು ಅನ್ವಯಿಸುತ್ತದೆ."

ಮಗನಿಗೆ ಕ್ಷಮೆ ಕೇಳಿದ್ದಾಯ್ತು. ಅವನು ಬಾಯಿಮಾತಿನ ಕ್ಷಮೆಯನ್ನು ಒಪ್ಪಲಿಲ್ಲ, ಎರಡು ಮಸಾಲೆ ದೋಸೆಗೆ ಒಪ್ಪಿದ. ಅಪ್ಪನ ಬರಹ ಈಗ ಪೆನ್ ಡ್ರೈವಿನಲ್ಲೊಂದು, ನನ್ನ ಮೇಲ್‌ನಲ್ಲೊಂದು ಪ್ರತಿ ಇದೆ. ನಿನ್ನೆ ರಾತ್ರಿ ಕೂತು ಮೊದಲ ಇಪ್ಪತ್ತು ಪುಟ ಓದಿದೆ. ಕೆರೆಯ ತೂಬು ತೆಗೆಯೋ ದಿನ ಊರವರೆಲ್ಲ ಏನು ಮಾಡ್ತಿದ್ದರು ಅನ್ನೋದು ಅದರಲ್ಲಿದೆ. ನನಗೆ ಗೊತ್ತೇ ಇರಲಿಲ್ಲ.

ನಿಮ್ಮ ಮನೆಯ ಕಂಪ್ಯೂಟರಿಗೂ "ವೈರಸ್ ಬಂದಿದೆ" ಅಂತ ಯಾರಾದರೂ ಕೂಗಿದರೆ, ಅಂಗಡಿಗೆ ಫೋನ್ ಮಾಡೋ ಮೊದಲು ಒಂದು ಮಾತು ಮನೆಯವರನ್ನು ಕೇಳಿ. "ಇದರಲ್ಲಿ ನಿಮ್ಮದೇನಾದರೂ ಇದೆಯಾ?" ಅಂತ.